ಪಕ್ಷದವರ ಆಟೋದಲ್ಲಿ ಹೋಗಿ ಓಟು ಹಾಕಿದರೆ ತಪ್ಪಾ?

ಪ್ರಶ್ನೆ: ಪ್ರತಿ ಚುನಾವಣೆಗೂ ಪಕ್ಷದವರು ಮನೆ ಮುಂದೆ ಆಟೋ ತಂದು ನಿಲ್ಲಿಸುತ್ತಾರೆ. ನಮ್ಮ ಅಜ್ಜಿಗೆ ಮಂಡಿನೋವು, ಬೂತಿನವರೆಗೆ ನಡೆಯಲಾರರು. ಆಟೋ ಹತ್ತಿಸಬಹುದಾ?

ಉತ್ತರ: ಅಜ್ಜಿಯದ್ದೇನೂ ತಪ್ಪಿಲ್ಲ, ತಪ್ಪು ಆಟೋ ಕಳಿಸಿದವರದ್ದು. ಮತದಾರರನ್ನು ಪುಕ್ಕಟೆಯಾಗಿ ಬೂತಿಗೆ ಕರೆದೊಯ್ಯಲು ಅಭ್ಯರ್ಥಿ ಅಥವಾ ಅವರ ಏಜೆಂಟ್ ಗಾಡಿ ಗೊತ್ತುಮಾಡಿದರೆ ಅದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(5)ನೇ ಸೆಕ್ಷನ್ ಪ್ರಕಾರ ಭ್ರಷ್ಟ ನಡವಳಿಕೆ. ಅವರ ಒಪ್ಪಿಗೆ ಪಡೆದು ಬೇರೆಯವರು ಮಾಡಿದರೂ ಅಷ್ಟೇ. ಕೋರ್ಟಿನಲ್ಲಿ ಸಾಬೀತಾದರೆ ಗೆದ್ದವರ ಆಯ್ಕೆಯೇ ರದ್ದಾಗಬಹುದು.

ಇಷ್ಟು ಚಿಕ್ಕ ಸಹಾಯಕ್ಕೆ ಇಷ್ಟು ದೊಡ್ಡ ಶಿಕ್ಷೆಯಾ ಅನ್ನಿಸುತ್ತೆ, ಅಲ್ವಾ? ಬೂತಿನಿಂದ ಸ್ವಲ್ಪ ದೂರದಲ್ಲಿ ಪಕ್ಷದವರು ಹಾಕಿಕೊಂಡಿರುವ ಟೇಬಲ್ ಹತ್ತಿರ ಮಧ್ಯಾಹ್ನ ಮೂರರ ಹೊತ್ತಿಗೆ ನಿಂತು ನೋಡಿ. ಮತದಾರರ ಪಟ್ಟಿ ಹರಡಿರುತ್ತೆ. ಓಟು ಹಾಕಿದವರ ಹೆಸರಿಗೆ ಗೆರೆ ಬಿದ್ದಿರುತ್ತೆ. ಉಳಿದವರಲ್ಲಿ 'ನಮ್ಮವರು' ಯಾರು ಅಂತ ಹುಡುಕಿ ಫೋನ್ ಮಾಡುತ್ತಾರೆ: "ಅಮ್ಮಾ, ನಿಮ್ಮ ಓಟು ಇನ್ನೂ ಬಿದ್ದಿಲ್ಲ, ಬನ್ನಿ." ಈ ಫೋನಿನಲ್ಲಿ ನನಗೆ ತಪ್ಪು ಕಾಣಲ್ಲ. ತಮ್ಮ ಬೆಂಬಲಿಗರನ್ನು ಎಬ್ಬಿಸಿ ಕರೆತರುವುದು ಪಕ್ಷದ ಕೆಲಸವೇ.

ಆಟೋ ಹಾಗಲ್ಲ. ದುಡ್ಡು ಜಾಸ್ತಿ ಇರುವವರ ಕಡೆ ಗಾಡಿಯೂ ಜಾಸ್ತಿ. ಅದು ನಿಮ್ಮ ಅಜ್ಜಿಯನ್ನು ಹತ್ತಿಸಿಕೊಳ್ಳುತ್ತೆ, ಎದುರು ಮನೆಯಲ್ಲಿ ಬೇರೆ ಪಕ್ಷದ ಅಜ್ಜಿ ಕೋಲೂರಿಕೊಂಡು ನಿಂತಿದ್ದರೂ ನಿಲ್ಲಿಸದೆ ಹೋಗುತ್ತೆ. ದಾರಿಯುದ್ದಕ್ಕೂ ಪಕ್ಕದಲ್ಲಿ ಕೂತ ಕಾರ್ಯಕರ್ತ ಗುರುತು ನೆನಪಿಸುತ್ತಾನೆ. ಇಳಿಯುವ ಹೊತ್ತಿಗೆ ಅಜ್ಜಿಗೆ ಒಂದು ಋಣ ಅಂಟಿಕೊಂಡಿರುತ್ತೆ. ನನಗೆ ಜಾಸ್ತಿ ಸಂಕಟ ಆಗುವುದು ಇದಕ್ಕೇ.

ಇದಕ್ಕಿಂತ ಕೆಟ್ಟದ್ದು, ಎದುರು ಪಕ್ಷದವರ ಓಟು ಬೀಳದಂತೆ ನೋಡಿಕೊಳ್ಳುವುದು. 2019ರಲ್ಲಿ ಉತ್ತರ ಪ್ರದೇಶದ ಚಂದೌಲಿಯ ಒಂದು ಹಳ್ಳಿಯ ದಲಿತರು, ಮತದಾನದ ಹಿಂದಿನ ದಿನವೇ ತಮ್ಮ ಬೆರಳಿಗೆ ಶಾಯಿ ಹಚ್ಚಿ 500 ರೂಪಾಯಿ ಕೊಟ್ಟರೆಂದು ದೂರಿದ್ದರು. ಓಟು ಹಾಕಲು ಕೊಟ್ಟರೂ ಲಂಚ, ಹಾಕದಿರಲು ಕೊಟ್ಟರೂ ಲಂಚ. ಕಾನೂನು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತೆ.

ಇನ್ನು ನಿಮ್ಮ ಅಜ್ಜಿಯ ವಿಷಯ. 2024ರ ಲೋಕಸಭಾ ಚುನಾವಣೆಯಲ್ಲಿ 85 ದಾಟಿದವರಿಗೆ ಮನೆಯಲ್ಲೇ ಓಟು ಹಾಕುವ ಅವಕಾಶ ಇತ್ತು. ಅಜ್ಜಿಗೆ ಅಷ್ಟು ವಯಸ್ಸಾಗಿದ್ದರೆ ಮುಂದಿನ ಸಲ ಚುನಾವಣೆಯ ಅಧಿಸೂಚನೆ ಬಂದ ಕೂಡಲೇ ನಿಮ್ಮ ಬೂತಿನ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಹತ್ತಿರ ಮನೆಯಲ್ಲೇ ಓಟು ಹಾಕಲು ಅರ್ಜಿಯಾದ 12ಡಿ ಫಾರಂ ಕೇಳಿ. ತುಂಬಿ ಕೊಡಲು ಐದೇ ದಿನ ಇರುತ್ತೆ. ವಯಸ್ಸು ಕಡಿಮೆಯಿದ್ದರೆ ನೀವೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ, ಇಲ್ಲ ಕೈಯಿಂದ ದುಡ್ಡು ಕೊಟ್ಟು ಆಟೋ ಮಾಡಿ.