ಅಂಗೈಯಗಲದ ರಬ್ಬರು: ರೇಸಿಂಗ್ ಗೇಮಿನ ಕಾರು ನಿಜದ ಕಾರಿಗೆ ಎಷ್ಟು ಹತ್ತಿರ?

ಚಾರ್ಮಾಡಿ ಘಾಟಿ, ಜೂನ್ ತಿಂಗಳ ಒಂದು ಸಂಜೆ. ಮಳೆ ಆಗಷ್ಟೇ ಹಿಡಿದುಕೊಂಡಿತ್ತು. ಇಳಿಜಾರಿನ ಹೇರ್‌ಪಿನ್ ತಿರುವಿಗೆ ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಬಂದಿದ್ದೆ. ಸ್ಟಿಯರಿಂಗ್ ತಿರುಗಿಸಿದರೂ ಕಾರು ತಿರುಗಲಿಲ್ಲ, ನೆಟ್ಟಗೆ ತಡೆಗೋಡೆಯ ಕಡೆ ಹೊರಟಿತು. ಅದು ಕಣ್ಣಿಗೆ ಕಾಣುವ ಅರೆಕ್ಷಣ ಮೊದಲೇ ಕೈಗೆ ಗೊತ್ತಾಗಿತ್ತು: ಅಲ್ಲಿಯತನಕ ಬಿಗಿಯಾಗಿದ್ದ ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಹಗುರಾಗಿತ್ತು. ಬ್ರೇಕಿನ ಮೇಲಿದ್ದ ಕಾಲು ತಾನಾಗಿಯೇ ಸಡಿಲವಾಯಿತು, ಸ್ಟಿಯರಿಂಗನ್ನು ತುಸು ಹಿಂದಕ್ಕೆ ಬಿಟ್ಟೆ, ಟೈರು ಮತ್ತೆ ರಸ್ತೆಯನ್ನು ಕಚ್ಚಿತು.

ಉಜಿರೆಯಲ್ಲಿ ಚಹಾ ಕುಡಿಯುತ್ತ ಕೂತಾಗ ಹೊಳೆಯಿತು. ಮುಂದಿನ ಚಕ್ರ ಜಾರಿದಾಗ ಸ್ಟಿಯರಿಂಗನ್ನು ಇನ್ನಷ್ಟು ತಿರುಗಿಸಬೇಕೆಂದೇ ಯಾರಿಗಾದರೂ ಮೊದಲು ತೋಚುವುದು. ಹಾಗೆ ಮಾಡಬಾರದೆಂದು ನನಗೆ ಯಾವ ಡ್ರೈವಿಂಗ್ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. ಹತ್ತು ಹನ್ನೆರಡು ವರ್ಷ ಮೇಜಿಗೆ ಬಿಗಿದ ಪ್ಲಾಸ್ಟಿಕ್ ಸ್ಟಿಯರಿಂಗಿನ ಮುಂದೆ ಕೂತು, ಗೇಮಿನಲ್ಲಿ ಸಾವಿರಾರು ಸಲ ಅದೇ ತಪ್ಪು ಮಾಡಿ ಕೈ ಕಲಿತ ಪಾಠ ಅದು. ಪರದೆಯ ಮೇಲಿನ ಲೆಕ್ಕ ಘಾಟಿಯ ರಸ್ತೆಯಲ್ಲಿ ಕೆಲಸಕ್ಕೆ ಬಂತೆಂದರೆ ಅದರಲ್ಲಿ ನಿಜ ಎಷ್ಟಿದೆ, ಆ ನಿಜ ಅಲ್ಲಿಗೆ ಬಂದು ಸೇರಿದ್ದು ಹೇಗೆ ಎಂದು ಅಂದಿನಿಂದ ಹುಡುಕುತ್ತಿದ್ದೇನೆ. ಎಲ್ಲಿಂದ ಹೊರಟರೂ ದಾರಿ ಬಂದು ನಿಲ್ಲುವುದು ಟೈರು ನೆಲ ಮುಟ್ಟುವ ಅಂಗೈಯಗಲದ ಜಾಗದಲ್ಲಿ.

ಮೊದಮೊದಲ ಗೇಮುಗಳಲ್ಲಿ ಟೈರು ಎಂಬುದೇ ಇರಲಿಲ್ಲ. ಅಟಾರಿ ಕಂಪನಿಯ ಗ್ರ್ಯಾನ್ ಟ್ರ್ಯಾಕ್ 10 ಬಂದದ್ದು 1974ರಲ್ಲಿ. ಮೇಲಿನಿಂದ ನೋಡಿದ ಟ್ರ್ಯಾಕು, ಅದರಲ್ಲೊಂದು ಪುಟ್ಟ ಕಾರು. 1982ರಲ್ಲಿ ನಾಮ್ಕೊ ತಂದ ಪೋಲ್ ಪೊಸಿಷನ್ ಜಪಾನಿನ ಫ್ಯೂಜಿ ಟ್ರ್ಯಾಕನ್ನು ಚಾಲಕನ ಬೆನ್ನ ಹಿಂದಿನಿಂದ ತೋರಿಸಿತು. ಅಲ್ಲಿ ರಸ್ತೆಯೆಂದರೆ ಒಂದರ ಮೇಲೊಂದು ಪೇರಿಸಿದ ಅಡ್ಡಗೆರೆಗಳ ಚಿತ್ರ. ತಿರುವು ಬಂದಾಗ ಆ ಗೆರೆಗಳು ಪಕ್ಕಕ್ಕೆ ಸರಿಯುತ್ತಿದ್ದವು. ವೇಗ ಎಷ್ಟು, ತಿರುವು ಎಷ್ಟು ಕಡಿದು ಎಂಬುದನ್ನು ನೋಡಿ ಕಾರನ್ನು ಅಷ್ಟು ಹೊರಕ್ಕೆ ತಳ್ಳಿದರೆ ಈ ಬಗೆಯ ಗೇಮಿನ ಭೌತಶಾಸ್ತ್ರ ಮುಗಿಯಿತು. 1986ರ ಔಟ್ ರನ್ ಕೂಡ ಇದೇ ದಾರಿಯದು. ಆಡಲು ಅವು ಕೊಡುತ್ತಿದ್ದ ಸುಖವೇ ಬೇರೆ, ಅದನ್ನು ಕಡಿಮೆ ಮಾಡಿ ಹೇಳುವ ಮನಸ್ಸಿಲ್ಲ. ಆದರೆ ಅಲ್ಲಿ ಕಾರು ಜಾರುತ್ತಿರಲಿಲ್ಲ, ಜಾರಿದಂತೆ ಕಾಣುತ್ತಿತ್ತು.

ಬೇರೆ ದಾರಿ ಹಿಡಿದವರಲ್ಲಿ ಮೊದಲಿಗರು ಇಂಗ್ಲೆಂಡಿನ ಜೆಫ್ ಕ್ರಾಮಂಡ್. ಭೌತಶಾಸ್ತ್ರ ಓದಿದ್ದ ಇವರು 1984ರಲ್ಲಿ ಬಿಬಿಸಿ ಮೈಕ್ರೊ ಕಂಪ್ಯೂಟರಿಗಾಗಿ ರೆವ್ಸ್ ಎಂಬ ಗೇಮ್ ಬರೆದರು. ಬರೀ 32 ಕಿಲೋಬೈಟ್ ಮೆಮೊರಿಯಲ್ಲಿ ಸಿಲ್ವರ್‌ಸ್ಟೋನ್ ಟ್ರ್ಯಾಕು ಮತ್ತು ಒಂದು ಫಾರ್ಮುಲಾ 3 ಕಾರು. ಇವತ್ತು ವಾಟ್ಸ್ಯಾಪಿನಲ್ಲಿ ಬರುವ ಒಂದು ಶುಭೋದಯದ ಚಿತ್ರಕ್ಕೂ ಅದಕ್ಕಿಂತ ಹೆಚ್ಚು ಜಾಗ ಬೇಕು.

ನಾಲ್ಕು ಚಕ್ರದ ಲೆಕ್ಕ ಆರ್ಕೇಡಿಗೆ ಬಂದ ಕಥೆ ಇನ್ನೂ ಸ್ವಾರಸ್ಯದ್ದು. 1989ರಲ್ಲಿ ಅಟಾರಿ ಗೇಮ್ಸ್‌ನವರು ಹಾರ್ಡ್ ಡ್ರೈವಿನ್ ಎಂಬ ಯಂತ್ರ ತಂದರು. ಕೂರಲು ಸೀಟು, ಕ್ಲಚ್ಚು, ಗೇರ್ ಕೋಲು, ತಿರುಗಿಸಿ ಚಾಲು ಮಾಡಲು ಕೀ, ಜೊತೆಗೆ ಕೈಯನ್ನು ತಿರುಗಿ ಎಳೆಯುವ ಮೋಟಾರಿನ ಸ್ಟಿಯರಿಂಗ್. ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್, ಟೈರು ಎಲ್ಲಕ್ಕೂ ಪ್ರತ್ಯೇಕ ಲೆಕ್ಕ ಇತ್ತು. ಆ ಯಂತ್ರದಲ್ಲಿ ಟೆಸ್ಟ್ ಡ್ರೈವರ್ ಎಂದು ಹೆಸರಿದ್ದವರು ಡಗ್ ಮಿಲಿಕನ್. ಇವರ ತಂದೆ ವಿಲಿಯಂ ಮಿಲಿಕನ್ ಅಮೆರಿಕದ ಕಾರ್ನೆಲ್ ವಿಮಾನ ಸಂಶೋಧನಾಲಯದಲ್ಲಿದ್ದವರು. ವಿಮಾನ ಗಾಳಿಯಲ್ಲಿ ಸ್ಥಿರವಾಗಿ ಹಾರುವುದು ಹೇಗೆಂದು ಲೆಕ್ಕ ಹಾಕುವ ಗಣಿತವನ್ನು 1950ರ ದಶಕದಲ್ಲೇ ಕಾರಿನ ಮೇಲೆ ಪ್ರಯೋಗಿಸಿದ ತಂಡದ ಮುಂದಾಳು. ಅಪ್ಪ ಮಗ ಸೇರಿ 1995ರಲ್ಲಿ ಬರೆದ ರೇಸ್ ಕಾರಿನ ಚಲನೆಯ ಗ್ರಂಥವನ್ನು ರೇಸಿಂಗ್ ಎಂಜಿನಿಯರುಗಳು ಇವತ್ತಿಗೂ ಪಕ್ಕದಲ್ಲಿಟ್ಟುಕೊಂಡಿರುತ್ತಾರೆ. ನಾಣ್ಯ ಹಾಕಿ ಆಡುವ ಆಟದೊಳಗೆ ಇಂಥ ವಿದ್ಯೆ ಕೂತಿತ್ತು ಎಂಬುದು ನನಗೆ ಈಗಲೂ ಬೆರಗು.

ಟೈರು ಯಾಕೆ ಇಷ್ಟು ಕಷ್ಟ? ತಿರುವಿನಲ್ಲಿ ಓಡುವ ಟೈರು ತಾನು ಮುಖ ಮಾಡಿದ ಕಡೆಗೇ ಹೋಗುವುದಿಲ್ಲ. ರಬ್ಬರು ನೆಲಕ್ಕೆ ಅಂಟಿ, ಸೊಟ್ಟಗಾಗಿ, ಬಿಟ್ಟು, ಮತ್ತೆ ಅಂಟುತ್ತ ಸಾಗುವುದರಿಂದ ಚಕ್ರದ ಮುಖಕ್ಕೂ ಅದು ಸಾಗುವ ದಿಕ್ಕಿಗೂ ನಡುವೆ ಒಂದು ಕೋನ ಉಳಿಯುತ್ತದೆ. ಇದನ್ನು ಜಾರುಕೋನ ಎನ್ನೋಣ. ಕೋನ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ. ಸಾಮಾನ್ಯ ರಸ್ತೆ ಟೈರಿನಲ್ಲಿ ಆರೇಳರಿಂದ ಹತ್ತು ಡಿಗ್ರಿಯ ಸುಮಾರಿಗೆ ಹಿಡಿತ ತುದಿ ಮುಟ್ಟಿ, ಆಮೇಲೆ ಇಳಿಯತೊಡಗುತ್ತದೆ. ಸ್ಟಿಯರಿಂಗನ್ನು ನೇರಕ್ಕೆ ಎಳೆಯುವ ಬಲ ಮಾತ್ರ ಆ ತುದಿಗಿಂತ ಮೊದಲೇ ಕುಸಿಯುತ್ತದೆ. ಚಾರ್ಮಾಡಿಯಲ್ಲಿ ನನ್ನ ಕೈಗೆ ಬಂದ ಮುನ್ಸೂಚನೆ ಅದೇ.

ಈ ಏರಿಳಿತದ ಗೆರೆಯನ್ನು ಸಮೀಕರಣಕ್ಕೆ ಇಳಿಸಿದವರು ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ಹನ್ಸ್ ಪಾಸೆಕಾ. ಸ್ವೀಡನ್ನಿನ ವೋಲ್ವೊ ಕಂಪನಿಯ ಎಂಜಿನಿಯರುಗಳ ಜೊತೆ ಸೇರಿ 1987ರಲ್ಲಿ ಅವರು ಪ್ರಕಟಿಸಿದ ಸೂತ್ರಕ್ಕೆ ಮ್ಯಾಜಿಕ್ ಫಾರ್ಮುಲಾ ಎಂದೇ ಹೆಸರು ನಿಂತಿತು. ರಬ್ಬರಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ಅದು ವಿವರಿಸುವುದಿಲ್ಲ. ಪರೀಕ್ಷಾ ಯಂತ್ರದ ಮೇಲೆ ಅಳೆದ ಅಂಕಿಗಳ ಮೇಲೆ ಅದರ ಗೆರೆ ಚೆನ್ನಾಗಿ ಕೂರುತ್ತದೆ, ಅಷ್ಟೇ. ಕಾರು ಕಂಪನಿಗಳಿಗೆ ಅಷ್ಟು ಸಾಕಾಗಿತ್ತು. ಅಗ್ಗದಲ್ಲಿ ಲೆಕ್ಕ ಮುಗಿಸುವ ಈ ಸೂತ್ರ ಗೇಮ್ ಬರೆಯುವವರಿಗೂ ವರವಾಯಿತು.

ಇನ್ನು ಒಂದೇ ಒಂದು ಬ್ರೇಕಿನ ಲೆಕ್ಕ ನೋಡಿ. 1000 ಕೆ.ಜಿ. ಕಾರು, ಮುಂದೆ 500, ಹಿಂದೆ 500. ಚಕ್ರಗಳ ನಡುವೆ ಎರಡೂವರೆ ಮೀಟರು, ಭಾರದ ಕೇಂದ್ರ ನೆಲದಿಂದ ಅರ್ಧ ಮೀಟರು ಮೇಲೆ. ಗುರುತ್ವದಷ್ಟೇ ಬಲವಾಗಿ ಬ್ರೇಕ್ ಒತ್ತಿದರೆ 200 ಕೆ.ಜಿ. ಭಾರ ಮುಂದಕ್ಕೆ ಸರಿಯುತ್ತದೆ: ಮುಂದೆ 700, ಹಿಂದೆ 300. ಟೈರಿನ ಮೇಲೆ ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆ. ಹಾಗಾಗಿ ಹಿಂದಿನವು ಕಳೆದುಕೊಂಡದ್ದೆಲ್ಲ ಮುಂದಿನವಕ್ಕೆ ದಕ್ಕುವುದಿಲ್ಲ. ಹಗುರಾದ ಹಿಂಭಾಗ ಆಗ ಸ್ಟಿಯರಿಂಗಿನ ಸಣ್ಣ ಅಲುಗಾಟಕ್ಕೂ ಹೊರಳಲು ಕಾದಿರುತ್ತದೆ. ಒಳ್ಳೆಯ ಚಾಲಕ ಬ್ರೇಕನ್ನು ಥಟ್ಟನೆ ಬಿಡದೆ ತಿರುವಿನೊಳಕ್ಕೆ ನಿಧಾನವಾಗಿ ಸಡಿಲಿಸುತ್ತ ಹೋಗುವುದು ಈ 200 ಕೆ.ಜಿ.ಯನ್ನು ತನಗೆ ಬೇಕಾದಂತೆ ಆಡಿಸಲಿಕ್ಕೆ. ಇದನ್ನು ಲೆಕ್ಕಕ್ಕೆ ತಾರದ ಗೇಮಿನಲ್ಲಿ ಬ್ರೇಕು ವೇಗ ಇಳಿಸುವ ಒಂದು ಗುಂಡಿ ಮಾತ್ರ.

ಇದೆಲ್ಲ ಒಟ್ಟಿಗೆ ಬಂದು ಕೂತದ್ದು 1998ರ ಗ್ರ್ಯಾಂಡ್ ಪ್ರೀ ಲೆಜೆಂಡ್ಸ್‌ನಲ್ಲಿ. ಮಾಡಿದ್ದು ಅಮೆರಿಕದ ಪಪೈರಸ್, ಅದರ ಹಿಂದಿನ ತಲೆ ಡೇವಿಡ್ ಕೆಮರ್. ಅವರು ಆರಿಸಿಕೊಂಡದ್ದು 1967ರ ಫಾರ್ಮುಲಾ 1. ಕಾರುಗಳಿಗೆ ರೆಕ್ಕೆ ಬಂದದ್ದು ಮರುವರ್ಷ, ಅಂದರೆ ನೆಲಕ್ಕೆ ಒತ್ತಿ ಹಿಡಿಯಲು ಗಾಳಿಯ ನೆರವೂ ಇಲ್ಲ. ಆ ವರ್ಷದ ಲೋಟಸ್ 49 ಅರ್ಧ ಟನ್ ತೂಕದ, 400 ಅಶ್ವಶಕ್ತಿಯ ಕಾರು. ಟೈರುಗಳು ಇವತ್ತಿನವುಗಳ ಮುಂದೆ ಸಪೂರ. ನಾನು ಅದನ್ನು ಆಡಿದ್ದು ಬಹಳ ತಡವಾಗಿ, ಹಳೆಯ ಪಿಸಿಯಲ್ಲಿ. 22 ಕಿ.ಮೀ. ಮೀರಿದ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಒಂದು ಸುತ್ತು ಎಲ್ಲೂ ಗುದ್ದದೆ ಮುಗಿಸಲು ಮೂರು ವಾರ ಹಿಡಿಯಿತು. ಆದರೆ ಅಲ್ಲಿ ಕಾರು ನಾಲ್ಕೂ ಚಕ್ರ ಜಾರಿಸಿಕೊಂಡು ಓರೆಯಾಗಿ ತಿರುವು ದಾಟುವಾಗ ಆಕ್ಸಿಲರೇಟರಿನ ಮೇಲೆ ಕಾಲು ಕೂದಲೆಳೆಯಷ್ಟು ಆಡಿದರೂ ಮೂತಿ ಒಳಕ್ಕೋ ಹೊರಕ್ಕೋ ಹೊರಳುತ್ತಿತ್ತು. 1960ರ ದಶಕದ ಹಳೆಯ ರೇಸ್ ಚಿತ್ರಗಳಲ್ಲಿ ಕಾಣುವ ಆ ಓರೆ ಓಟದ ಗುಟ್ಟು ನನಗೆ ತಿಳಿದದ್ದು ಆಗ. ಗೇಮ್ ಮಾತ್ರ ಅಂಗಡಿಯಲ್ಲಿ ಓಡಲಿಲ್ಲ.

ಅದಕ್ಕೆ ವರ್ಷದ ಹಿಂದೆ, 1997ರ ಡಿಸೆಂಬರಿನಲ್ಲಿ, ಜಪಾನಿನ ಕಝುನೊರಿ ಯಮಾವುಚಿ ತಂಡದ ಗ್ರ್ಯಾನ್ ಟುರಿಸ್ಮೊ ಪ್ಲೇಸ್ಟೇಷನ್ನಿಗೆ ಬಂದಿತ್ತು, ಒಂದು ಕೋಟಿಗೂ ಮೀರಿ ಮಾರಾಟವಾಯಿತು. ಆ ಪ್ಲೇಸ್ಟೇಷನ್ನಿನ ಪ್ರೊಸೆಸರಿಗೆ ದಶಮಾಂಶದ ಲೆಕ್ಕ ಮಾಡುವ ಪ್ರತ್ಯೇಕ ಯಂತ್ರಾಂಗವೇ ಇರಲಿಲ್ಲ. ಎಲ್ಲವನ್ನೂ ಪೂರ್ಣಾಂಕದಲ್ಲೇ ತೂಗಿಸಬೇಕು. ಅಷ್ಟರಲ್ಲೇ ಮುಂದಿನ ಚಕ್ರ ಎಳೆಯುವ ಕಾರಿಗೂ ಹಿಂದಿನ ಚಕ್ರ ತಳ್ಳುವ ಕಾರಿಗೂ ಇರುವ ವ್ಯತ್ಯಾಸವನ್ನು ಆಡುವವರ ಬೆರಳಿಗೆ ಮುಟ್ಟಿಸಿದ್ದು ಸಣ್ಣ ಸಾಧನೆಯಲ್ಲ.

ಈ ಎರಡು ಗೇಮುಗಳಿಂದ ಒಂದು ತಪ್ಪು ತಿಳಿವಳಿಕೆಯೂ ಹುಟ್ಟಿಕೊಂಡಿತು: ಓಡಿಸಲು ಕಷ್ಟವಾದಷ್ಟೂ ಗೇಮ್ ನಿಜಕ್ಕೆ ಹತ್ತಿರ ಎಂದು. ನಾನೂ ವರ್ಷಗಟ್ಟಲೆ ಹಾಗೇ ನಂಬಿದ್ದೆ, ಈಗ ನಂಬುವುದಿಲ್ಲ. ನಿಜದ ಕಾರನ್ನು ಅನುಕರಿಸಲು ಹೊರಟ ಹಲವು ಗೇಮುಗಳಲ್ಲಿ ಹಿಡಿತದ ತುದಿ ದಾಟಿದ ಕಾರು ಮಂಜುಗಡ್ಡೆಯ ಮೇಲಿದ್ದಂತೆ ಗಿರ್ರನೆ ತಿರುಗಿಬಿಡುತ್ತಿತ್ತು, ಹಿಡಿದು ನಿಲ್ಲಿಸಲು ಆಗುತ್ತಲೇ ಇರಲಿಲ್ಲ. ಇದಕ್ಕೊಂದು ಕಾರಣ ಪರೀಕ್ಷಾ ಯಂತ್ರದಲ್ಲೇ ಇದೆ. ದೊಡ್ಡ ಜಾರುಕೋನದಲ್ಲಿ ಹಿಡಿದರೆ ಟೈರು ಕ್ಷಣದಲ್ಲಿ ಕಾದು ಸವೆದುಹೋಗುತ್ತದೆ, ಹಾಗಾಗಿ ತುದಿಯಾಚೆಯ ಅಳತೆಗಳೇ ವಿರಳ. ಸೂತ್ರದ ಗೆರೆಯನ್ನು ಅಲ್ಲಿಗೆ ಅಂದಾಜಿನಲ್ಲಿ ಎಳೆಯಬೇಕು. ಅಂದಾಜು ತುಸು ಕಡಿದಾದರೆ ಕಾರು ಓಡಿಸಲಾಗದ ಕಾರಾಗುತ್ತದೆ. ನಿಜದ ಟೈರು ಅಷ್ಟು ನಿರ್ದಯಿಯಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ರ‍್ಯಾಲಿ ನಡೆಯುವಾಗ ನಿಂತು ನೋಡಿದವರಿಗೆ ಇದು ಗೊತ್ತು: ಕಾರು ಅಡ್ಡಡ್ಡ ಜಾರುತ್ತಲೇ ಬರುತ್ತದೆ, ಜಾರುತ್ತಲೇ ತಿರುಗುತ್ತದೆ, ಚಾಲಕನ ಕೈ ಗಾಬರಿಯಿಲ್ಲದೆ ಆಡುತ್ತಿರುತ್ತದೆ. ಮಣ್ಣಿನ ಈ ಗುಣವನ್ನು ಚೆನ್ನಾಗಿ ಹಿಡಿದ ಗೇಮ್ 2004ರ ರಿಚರ್ಡ್ ಬರ್ನ್ಸ್ ರ‍್ಯಾಲಿ. ಇಪ್ಪತ್ತು ವರ್ಷ ಕಳೆದರೂ ಆಟಗಾರರೇ ಅದರ ಭೌತಶಾಸ್ತ್ರವನ್ನು ತಿದ್ದಿ ತೀಡಿ ಆಡುತ್ತಿದ್ದಾರೆ.

ಪಪೈರಸ್ ಮುಚ್ಚಿದ ಮೇಲೆ ಕೆಮರ್ 2004ರಲ್ಲಿ ಐರೇಸಿಂಗ್ ಎಂಬ ಆನ್‌ಲೈನ್ ರೇಸಿಂಗ್ ಗೇಮ್ ಕಟ್ಟಲು ಹೊರಟರು, 2008ರಲ್ಲಿ ಅದು ಎಲ್ಲರಿಗೂ ತೆರೆಯಿತು. ಟ್ರ್ಯಾಕುಗಳನ್ನು ಲೇಸರಿನಿಂದ ಅಳೆದು ತಂದರು, ಡಾಂಬರಿನ ಉಬ್ಬುತಗ್ಗುಗಳೂ ಇದ್ದ ಜಾಗದಲ್ಲೇ ಬಂದವು. ರಸ್ತೆ ಇಷ್ಟು ನಿಖರವಾದಾಗ ಟೈರಿನ ಅಂದಾಜು ಇನ್ನಷ್ಟು ಎದ್ದು ಕಂಡಿತು. ಕೆಮರ್ ಸೂತ್ರವನ್ನು ಬದಿಗಿಟ್ಟು ರಬ್ಬರಿನ ಸ್ವಭಾವ, ಅದರೊಳಗಿನ ಬಿಸಿ, ಟೈರಿನ ಗೋಡೆಯ ಬಾಗುವಿಕೆಯಿಂದಲೇ ಲೆಕ್ಕ ಕಟ್ಟಲು ಹೊರಟರು. ವರ್ಷಗಟ್ಟಲೆ ತಿದ್ದುತ್ತಲೇ ಹೋದರು. ಒಬ್ಬ ಮನುಷ್ಯ ಟೈರಿಗಾಗಿ ಇಷ್ಟು ವರ್ಷ ತೆಗೆದಿಟ್ಟದ್ದನ್ನು ನೋಡಿದರೆ ನನಗೆ ಗೌರವ ಹುಟ್ಟುತ್ತದೆ.

ಲೆಕ್ಕವನ್ನು ಎಷ್ಟು ಬೇಗಬೇಗ ಮಾಡಬೇಕು ಎಂಬುದೂ ಇಲ್ಲಿ ಮುಖ್ಯ. ಗಂಟೆಗೆ 200 ಕಿ.ಮೀ. ವೇಗದ ಕಾರು ಸೆಕೆಂಡಿಗೆ 55 ಮೀಟರಿಗೂ ಹೆಚ್ಚು ಸಾಗುತ್ತದೆ. ಸೆಕೆಂಡಿಗೆ 60 ಸಲ ಲೆಕ್ಕ ಹಾಕಿದರೆ ಎರಡು ಲೆಕ್ಕಗಳ ನಡುವೆ ಹತ್ತಿರಹತ್ತಿರ ಒಂದು ಮೀಟರು ದಾಟಿಹೋಗಿರುತ್ತದೆ, ನಡುವೆ ಇದ್ದ ಉಬ್ಬು ಟೈರಿಗೆ ತಿಳಿಯುವುದೇ ಇಲ್ಲ. ಐರೇಸಿಂಗ್ 360 ಸಲ ಲೆಕ್ಕ ಹಾಕುತ್ತದೆ, ಇಟಲಿಯ ಅಸೆಟ್ಟೊ ಕೋರ್ಸಾ 333 ಸಲ. 2013ರಲ್ಲಿ ಬಂದ ಬೀಮ್‌ಎನ್‌ಜಿ ಕಾರನ್ನೇ ಬಿಂದು ಮತ್ತು ಕಡ್ಡಿಗಳ ಬಲೆಯಾಗಿ ಹೆಣೆಯುವುದರಿಂದ ಅದಕ್ಕೆ 2000 ಸಲ ಬೇಕು.

ವಿಚಿತ್ರವೆಂದರೆ ಓಡುವ ಕಾರಿಗಿಂತ ನಿಂತ ಕಾರು ಹೆಚ್ಚು ಕಾಡುತ್ತದೆ. ಚಕ್ರ ಎಷ್ಟು ಜಾರುತ್ತಿದೆ ಎಂದು ತಿಳಿಯಲು ಚಕ್ರದ ವೇಗಕ್ಕೂ ಕಾರಿನ ವೇಗಕ್ಕೂ ಇರುವ ಅಂತರವನ್ನು ಕಾರಿನ ವೇಗದಿಂದ ಭಾಗಿಸುತ್ತಾರೆ. ಕಾರು ನಿಂತಾಗ ಆ ವೇಗ ಸೊನ್ನೆ. ಸೊನ್ನೆಯಿಂದ ಭಾಗಿಸುವುದು ಹೇಗೆ? ಇದಕ್ಕೆ ಬೇರೆ ಉಪಾಯ ಮಾಡದ ಗೇಮುಗಳಲ್ಲಿ ನಿಂತ ಕಾರು ಗಡಗಡ ನಡುಗುತ್ತದೆ, ಇಲ್ಲವೇ ಬ್ರೇಕ್ ಒತ್ತಿದ್ದರೂ ಇಳಿಜಾರಿನಲ್ಲಿ ಮೆಲ್ಲಗೆ ತೆವಳುತ್ತದೆ.

ಇಷ್ಟೆಲ್ಲ ಆದಮೇಲೂ ಕುರ್ಚಿ ಮಾತ್ರ ಕುರ್ಚಿಯೇ. ನಿಜದ ಕಾರಿನಲ್ಲಿ ಹಿಂಭಾಗ ಜಾರಿದ್ದು ಮೊದಲು ಸೊಂಟಕ್ಕೆ ತಿಳಿಯುತ್ತದೆ, ಆಮೇಲೆ ಕಣ್ಣಿಗೆ. ಮನೆಯಲ್ಲಿ ಆಡುವವರಿಗೆ ಕಣ್ಣು, ಕಿವಿ, ಕೈ ಮೂರೇ ದಿಕ್ಕು. ಲೆಕ್ಕ ಪೂರ್ತಿ ಸರಿಯಿದ್ದರೂ ಗೇಮಿನ ಕಾರು ನಿಜದ ಕಾರಿಗಿಂತ ಕಷ್ಟ ಅನಿಸುವುದು ಇದರಿಂದಲೇ. ಹಾಗಿದ್ದೂ ಕಲಿತದ್ದು ದಾಟಿ ಬರುತ್ತದೆ ಎಂಬುದಕ್ಕೆ ಸ್ಪೇನಿನ ಲೂಕಾಸ್ ಒರ್ಡೊನೆಝ್ ಸಾಕ್ಷಿ. 2008ರಲ್ಲಿ ಗ್ರ್ಯಾನ್ ಟುರಿಸ್ಮೊ ಆಟಗಾರರಿಗೆ ನಿಸ್ಸಾನ್ ಮತ್ತು ಸೋನಿ ನಡೆಸಿದ ಮೊದಲ ಜಿಟಿ ಅಕಾಡೆಮಿಯನ್ನು ಗೆದ್ದ ಇವರು, 2011ರ ಲೆಮಾನ್ 24 ಗಂಟೆ ರೇಸಿನಲ್ಲಿ ತಮ್ಮ ವರ್ಗದಲ್ಲಿ ಎರಡನೆಯ ಸ್ಥಾನ ಪಡೆದರು. ಎಲ್ಲಿ ಬ್ರೇಕ್ ಒತ್ತಬೇಕು, ಕಣ್ಣು ಎಲ್ಲಿರಬೇಕು, ಯಾವ ಗೆರೆ ಹಿಡಿಯಬೇಕು ಎಂಬುದನ್ನು ಗೇಮ್ ಕಲಿಸುತ್ತದೆ. ಮೈಮೇಲೆ ಬೀಳುವ ಬಲವನ್ನೂ ಭಯವನ್ನೂ ಅದು ಕಲಿಸಲಾರದು, ಅವನ್ನು ಟ್ರ್ಯಾಕಿನಲ್ಲೇ ಕಲಿಯಬೇಕು.

ಬಹುಕಾಲ ಬಾಕಿ ಉಳಿದಿದ್ದ ಇನ್ನೊಂದು ಸಂಗತಿ ಮಳೆ. ಹಿಡಿತದ ಅಂಕಿಯನ್ನು ಒಂದಿಷ್ಟು ಇಳಿಸಿ ಪರದೆಯ ಮೇಲೆ ಹನಿ ತೋರಿಸಿದರೆ ಮಳೆಯಾಗುವುದಿಲ್ಲ. ನೀರು ತಗ್ಗಿಗೆ ಹರಿಯಬೇಕು, ಗುಂಡಿಯಲ್ಲಿ ನಿಲ್ಲಬೇಕು, ಕಾರುಗಳು ಓಡಿದ ಗೆರೆಯಲ್ಲಿ ಮೊದಲು ಒಣಗಬೇಕು, ಹಿಂದೆ ಬರುವವನ ಕಣ್ಣಿಗೆ ತುಂತುರು ಕಟ್ಟಬೇಕು. ಐರೇಸಿಂಗ್‌ಗೆ ಮಳೆ ಬಂದದ್ದು 2024ರ ಮಾರ್ಚಿನಲ್ಲಿ, ಬಾಗಿಲು ತೆರೆದ ಹದಿನಾರು ವರ್ಷಕ್ಕೆ. ಮೊದಲ ವಾರ ನಾನು ಒಣ ರಸ್ತೆಯ ಗೆರೆಯನ್ನೇ ಹಿಡಿದು ಹೋಗಿ, ಹೋದಹೋದಲ್ಲಿ ಜಾರಿದೆ. ಮಳೆಯಲ್ಲಿ ರೇಸ್ ಓಡಿಸುವವರು ಆ ಗೆರೆ ಬಿಟ್ಟು ತಿರುವಿನ ಹೊರಬದಿಯಲ್ಲಿ ಹೋಗುತ್ತಾರೆ. ದಿನವೂ ಕಾರುಗಳು ಓಡಿ ರಬ್ಬರು ಮೆತ್ತಿದ ಗೆರೆ ನೀರು ಬಿದ್ದರೆ ನುಣುಪು, ಯಾರೂ ಓಡದ ಒರಟು ಡಾಂಬರಿನಲ್ಲಿ ಹಿಡಿತ ಹೆಚ್ಚು. ಅಲ್ಲಿಗೆ ಕಾರನ್ನು ಒಯ್ದ ಮೇಲೆ ಸ್ಟಿಯರಿಂಗ್ ಮತ್ತೆ ಬಿಗಿಯಾಯಿತು.