ಮನಾಲಿ–ಲೇಹ್ ಮಾಡಿದ್ದೀನಿ, ಡೆಂಪ್‌ಸ್ಟರ್‌ಗೆ ನನ್ನ ಬೈಕು ಸಾಕಾಗಲ್ವಾ?

ಪ್ರಶ್ನೆ: ಅಣ್ಣಾ, ನಾನು ಹಾಸನದವನು, ಈಗ ಕೆನಡಾದ ಎಡ್ಮಂಟನ್‌ನಲ್ಲಿ ಕೆಲಸ. ಊರಲ್ಲಿದ್ದಾಗ ಮನಾಲಿ–ಲೇಹ್ ಮಾಡಿದ್ದೀನಿ. ಇಲ್ಲಿ ಸೆಕೆಂಡ್‌ಹ್ಯಾಂಡ್ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ತಗೊಂಡಿದ್ದೀನಿ. ಜುಲೈನಲ್ಲಿ ಎರಡು ವಾರ ರಜೆ ಸಿಗುತ್ತೆ. ದೇಶದ ಉತ್ತರ ತುದಿಯ ಕಡೆ ಹೋಗುವ ಡೆಂಪ್‌ಸ್ಟರ್ ಹೈವೇ ಹಿಡಿದು ಟಕ್ಟೊಯಾಕ್ಟಕ್ ಊರಿಗೆ ಹೋಗಿ, ಆರ್ಕ್ಟಿಕ್ ಸಮುದ್ರಕ್ಕೆ ಕಾಲಿಟ್ಟು ಬರಬೇಕು ಅಂತ ಆಸೆ. ಇಲ್ಲಿನ ಫ್ರೆಂಡ್ಸ್ 1200 ಸಿಸಿ ಬೈಕ್ ಇಲ್ಲದೆ ಆ ಕಡೆ ತಲೆ ಹಾಕಬೇಡ ಅಂತಾರೆ. ನನ್ನ ಬೈಕು ಸಾಕಾಗಲ್ವಾ?

ಉತ್ತರ: ಬೈಕು ಸಾಕು ತಮ್ಮಾ. ಸಾಲದಿರುವುದು ನಿನ್ನ ರಜೆ.

ಈ ಪ್ರಶ್ನೆ ನನಗೆ ಆಗಾಗ ಬರುತ್ತಲೇ ಇರುತ್ತದೆ, ಬೈಕಿನ ಹೆಸರು ಮಾತ್ರ ಬದಲಾಗುತ್ತದೆ. ಎಷ್ಟು ದಿನ ಬೇಕು ಅಂತ ಯಾರೂ ಕೇಳುವುದಿಲ್ಲ. ಹಾಗಾಗಿ ಮೊದಲು ಒಂದು ಲೆಕ್ಕ ಹಾಕೋಣ. ಎಡ್ಮಂಟನ್‌ನಿಂದ ವೈಟ್‌ಹಾರ್ಸ್ ಸುಮಾರು 2,000 ಕಿಮೀ. ಅಲ್ಲಿಂದ ಡಾಸನ್ ಸಿಟಿ 530. ಡಾಸನ್‌ನಿಂದ ಡೆಂಪ್‌ಸ್ಟರ್ ಶುರುವಾಗುವ ಕೂಡುರಸ್ತೆಗೆ 40. ಅಲ್ಲಿಂದ ಇನುವಿಕ್ ಊರಿಗೆ 737. ಇನುವಿಕ್‌ನಿಂದ ಟಕ್ಟೊಯಾಕ್ಟಕ್ 138. ಹೋಗುವುದಕ್ಕೇ 3,450 ಕಿಮೀ ಹತ್ತಿರ ಆಯಿತು. ಹೋಗಿ ಬರಲು 6,900. ಹದಿನಾಲ್ಕು ದಿನಕ್ಕೆ ಭಾಗಿಸಿದರೆ ದಿನಕ್ಕೆ 490 ಕಿಮೀ ಚಿಲ್ಲರೆ. ಒಂದು ದಿನವೂ ಬಿಡುವಿಲ್ಲ, ಮಳೆ ಬರುವ ಹಾಗಿಲ್ಲ, ಪಂಕ್ಚರ್ ಆಗುವ ಹಾಗಿಲ್ಲ. ಡಾಂಬರು ರಸ್ತೆಯಲ್ಲಾದರೆ ಹೇಗೋ ತಳ್ಳಬಹುದು. ಇದರಲ್ಲಿ 1,700 ಕಿಮೀಗಿಂತ ಜಾಸ್ತಿ ಜಲ್ಲಿ.

ಅಂದಹಾಗೆ, ಮ್ಯಾಪಿನಲ್ಲಿ ಡಾಸನ್ ಕ್ರೀಕ್ ಅಂತ ಒಂದು ಊರು ಕಾಣುತ್ತದೆ. ಅದು ಬ್ರಿಟಿಷ್ ಕೊಲಂಬಿಯಾದಲ್ಲಿ, ಅಲಾಸ್ಕಾ ಹೈವೇ ಶುರುವಾಗುವ ಜಾಗ. ಡಾಸನ್ ಸಿಟಿ ಕೆನಡಾದ ವಾಯವ್ಯ ತುದಿಯ ಯೂಕಾನ್ ಪ್ರದೇಶದಲ್ಲಿ. ಎರಡರ ನಡುವೆ 1,900 ಕಿಮೀ ಆಸುಪಾಸು ಇದೆ. ರೂಮ್ ಬುಕ್ ಮಾಡುವಾಗ ನೋಡಿಕೋ. ಸುಮ್ನೆ ಹೇಳುತ್ತಿಲ್ಲ, ತಪ್ಪಿ ಬುಕ್ ಮಾಡಿದವರಲ್ಲಿ ನಾನೂ ಒಬ್ಬ.

ಇನ್ನು 1200 ಸಿಸಿ ವಿಷಯ. ಡೆಂಪ್‌ಸ್ಟರ್‌ನಲ್ಲಿ ಸ್ಪೀಡು ಓಡಿಸುವ ಜಾಗ ಇಲ್ಲ. 70–80ಕ್ಕಿಂತ ಮೇಲೆ ನಾನು ಹೋಗುವುದಿಲ್ಲ, ಹಿಮಾಲಯನ್ ಅದನ್ನು ನಗುನಗುತ್ತಾ ಮಾಡುತ್ತದೆ. ನಿನ್ನ ಗಾಡಿ 200 ಕೆಜಿ ಆಸುಪಾಸು, ಆ ದೊಡ್ಡ ಬೈಕುಗಳು 250. ಲಗೇಜ್ ಹೇರಿದ ಗಾಡಿ ಕೆಸರಿನಲ್ಲಿ ಮಲಗಿದಾಗ, ಸುತ್ತ ನೋಡಿದರೆ ಒಬ್ಬನೂ ಇಲ್ಲದಾಗ, ಆ 50 ಕೆಜಿ ಏನು ಅಂತ ಸೊಂಟಕ್ಕೆ ಗೊತ್ತಾಗುತ್ತದೆ. ಮುಂದೆ 21 ಇಂಚಿನ ಚಕ್ರ ಇರುವುದೂ ನಿನಗೆ ಲಾಭವೇ.

ಲೇಹ್ ಅನುಭವ ಕೆಲಸಕ್ಕೆ ಬರುತ್ತದಾ? ಅರ್ಧ. ಅಲ್ಲಿ ಕಷ್ಟ ಎತ್ತರದ್ದು. ಇಲ್ಲಿ ದಾರಿಯ ಅತಿ ಎತ್ತರದ ಜಾಗವೇ 1,300 ಮೀಟರ್ ಆಸುಪಾಸು, ನಮ್ಮ ಮುಳ್ಳಯ್ಯನಗಿರಿಗಿಂತ ಕಡಿಮೆ. ಉಸಿರು ಕಟ್ಟುವುದಿಲ್ಲ, ಬೈಕೂ ಮುಕ್ಕರಿಯುವುದಿಲ್ಲ. ಆದರೆ ಅಲ್ಲಿ ನೂರು ಕಿಮೀ ಒಳಗೆ ಒಂದು ಡಾಬಾ ಸಿಗುತ್ತದೆ, ಮ್ಯಾಗಿ ಸಿಗುತ್ತದೆ, ಮಲಗಲು ಟೆಂಟ್ ಸಿಗುತ್ತದೆ. ಇಲ್ಲಿ ಡಾಸನ್ ಬಿಟ್ಟ ಮೇಲೆ ಪೆಟ್ರೋಲು, ಊಟ, ಹಾಸಿಗೆ ಮೂರೂ ಒಟ್ಟಿಗೆ ಸಿಗುವ ಮೊದಲ ಜಾಗ ಈಗಲ್ ಪ್ಲೇನ್ಸ್. ಅದು ಕೂಡುರಸ್ತೆಯಿಂದ 369ನೇ ಕಿಮೀಯಲ್ಲಿದೆ. ಡಾಸನ್‌ನಿಂದ ಲೆಕ್ಕ ಹಾಕಿದರೆ 409 ಕಿಮೀ.

ಲೇಹ್ ದಾರಿಯ ತಾಂಡಿ ಪೆಟ್ರೋಲ್ ಬಂಕಿನ ಬೋರ್ಡ್ ನೆನಪಿದೆಯಲ್ವಾ, ಮುಂದಿನ ಬಂಕು 365 ಕಿಮೀ ಅಂತ? ಅದಕ್ಕಿಂತ ಇದು ಉದ್ದ. ನಿನ್ನ ಟ್ಯಾಂಕು 15 ಲೀಟರ್. ಮೈಲೇಜ್ 30 ಬಂದರೆ 450 ಕಿಮೀ, ಸಾಕು ಅನ್ನಿಸುತ್ತದೆ. ಆದರೆ ಸಡಿಲ ಜಲ್ಲಿಯಲ್ಲಿ, ಎದುರುಗಾಳಿಯಲ್ಲಿ, ಲಗೇಜ್ ಇಟ್ಟುಕೊಂಡು 30 ಬರುವುದಿಲ್ಲ. 25 ಅಂತ ಇಟ್ಟುಕೋ, 375ಕ್ಕೆ ಟ್ಯಾಂಕು ಒಣಗುತ್ತದೆ. ಐದು ಲೀಟರಿನ ಒಂದು ಕ್ಯಾನ್ ಕಟ್ಟಿಕೊಂಡು ಹೋಗು. ಈಗಲ್ ಪ್ಲೇನ್ಸ್ ದಾಟಿದರೆ ಆಮೇಲೆ ಚಿಂತೆ ಇಲ್ಲ. ಫೋರ್ಟ್ ಮ್ಯಾಕ್‌ಫರ್ಸನ್ 180 ಕಿಮೀ, ಅಲ್ಲಿಂದ ಇನುವಿಕ್ ಹೆಚ್ಚುಕಡಿಮೆ ಅಷ್ಟೇ ದೂರ.

ಈಗ ರಸ್ತೆಗೆ ಬರೋಣ. ಈ ದಾರಿಯ ಕೆಳಗಿನ ನೆಲದ ಬಹುಪಾಲು ವರ್ಷಪೂರ್ತಿ ಹೆಪ್ಪುಗಟ್ಟಿರುತ್ತದೆ, ಪರ್ಮಾಫ್ರಾಸ್ಟ್ ಅನ್ನುತ್ತಾರೆ. ಅದರ ಮೇಲೆ ನೇರವಾಗಿ ರಸ್ತೆ ಹಾಕಿದರೆ ಮಂಜು ಕರಗಿ ರಸ್ತೆ ಕುಸಿಯುತ್ತದೆ. ಅದಕ್ಕೇ ಒಂದರಿಂದ ಎರಡು ಮೀಟರಿಗೂ ಮೀರಿ ಜಲ್ಲಿಯ ದಿಂಡು ಹಾಕಿ, ಅದರ ಮೇಲೆ ದಾರಿ ಮಾಡಿದ್ದಾರೆ. ಚಳಿಗೆ ಕಂಬಳಿ ಹೊದಿಸುವುದು ನಮಗೆ ಗೊತ್ತು, ಇಲ್ಲಿ ತಣ್ಣಗೇ ಇರಲಿ ಅಂತ ನೆಲಕ್ಕೆ ಕಂಬಳಿ. ಕೆಲಸ ಶುರುವಾಗಿದ್ದು 1959ರಲ್ಲಿ, ರಸ್ತೆ ತೆರೆದಿದ್ದು 1979ರಲ್ಲಿ. ಇನುವಿಕ್‌ನಿಂದ ಸಮುದ್ರದವರೆಗಿನ ಕೊನೆಯ ತುಂಡು ತೀರಾ ಈಚಿನದು, 2017ರ ನವೆಂಬರ್‌ನಲ್ಲಿ ತೆರೆಯಿತು. ಅದಕ್ಕೂ ಮುಂಚೆ ಟಕ್ಟೊಯಾಕ್ಟಕ್‌ಗೆ ಬೇಸಿಗೆಯಲ್ಲಿ ಬೈಕಿನಲ್ಲಿ ಹೋಗುವ ಮಾತೇ ಇರಲಿಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ಓಡಾಡುತ್ತಿದ್ದರು.

ದಿಂಡಿನ ಮೇಲಿನ ರಸ್ತೆ ಅಂದರೆ ಎರಡೂ ಕಡೆ ಇಳಿಜಾರು. ಅಂಚು ಮೆತ್ತಗಿರುತ್ತದೆ. ಫೋಟೋ ತೆಗೆಯಲು ತೀರಾ ಅಂಚಿಗೆ ನಿಲ್ಲಿಸಿ ಸೈಡ್ ಸ್ಟ್ಯಾಂಡ್ ಹಾಕಿದರೆ ಸ್ಟ್ಯಾಂಡ್ ಒಳಗೆ ಇಳಿದು ಗಾಡಿ ಟುಂಡ್ರಾ ಕಡೆಗೆ ವಾಲುತ್ತದೆ. ಸ್ಟ್ಯಾಂಡಿನ ಕೆಳಗೆ ಇಡಲು ಒಂದು ಚಪ್ಪಟೆ ತಗಡು ಇಟ್ಟುಕೋ.

ಜಲ್ಲಿಯ ಮೇಲೆ ಹ್ಯಾಂಡಲ್ ತನ್ನಷ್ಟಕ್ಕೆ ಆಡುತ್ತದೆ. ಹೊಸಬರು ಹೆದರಿ ಗಟ್ಟಿಯಾಗಿ ಹಿಡಿಯುತ್ತಾರೆ, ಆಗಲೇ ಬೀಳುವುದು. ಮುಂದಿನ ಚಕ್ರ ಕಲ್ಲಿನಿಂದ ಕಲ್ಲಿಗೆ ಜಾರಿ ತಾನೇ ನೆಟ್ಟಗಾಗುತ್ತದೆ, ಅದನ್ನು ಬಿಡಬೇಕು. ಸೈಕಲ್ ಕಲಿಸುವಾಗ ನಮ್ಮಪ್ಪ ಕೈ ಬಿಗಿ ಮಾಡಬೇಡ ಅಂತ ಬೆರಳಿಗೆ ಹೊಡೆಯುತ್ತಿದ್ದರು, ಅದೇ ಪಾಠ. ಫುಟ್‌ರೆಸ್ಟ್ ಮೇಲೆ ನಿಲ್ಲು, ಮೈಭಾರ ಸ್ವಲ್ಪ ಹಿಂದಿರಲಿ, ಆಕ್ಸಿಲರೇಟರ್ ಒಂದೇ ಸಮ ಇರಲಿ. ಗಾಡಿ ಅಲ್ಲಾಡಿತು ಅಂತ ಮುಂದಿನ ಬ್ರೇಕ್ ಹಿಡಿಯಬೇಡ.

ಗ್ರೇಡರ್ ಯಂತ್ರ ಕಂಡರೆ ಹುಷಾರು. ಅದು ರಸ್ತೆ ಕೆರೆದು ನಡುವೆ ಉದ್ದಕ್ಕೂ ಜಲ್ಲಿಯ ಬದು ಬಿಟ್ಟು ಹೋಗಿರುತ್ತದೆ. ಆ ಬದುವನ್ನು ಓರೆಯಾಗಿ ದಾಟಲು ಹೋದರೆ ಮುಂದಿನ ಚಕ್ರ ಅದರೊಳಗೇ ಹೂತು ಹೋಗುತ್ತದೆ. ದಾಟಲೇಬೇಕಾದರೆ ನಿಧಾನ ಮಾಡಿ, ಆದಷ್ಟು ನೇರವಾಗಿ ದಾಟು. ಇನ್ನು ಲಾರಿಗಳು ಎದುರು ಬಂದಾಗ ಕಲ್ಲು ಸಿಡಿಯುತ್ತದೆ. ನಿಧಾನ ಮಾಡು, ತಲೆ ಬಗ್ಗಿಸು, ಹೆಲ್ಮೆಟ್ಟಿನ ಗಾಜು ಮುಚ್ಚಿರಲಿ.

ಇದೆಲ್ಲ ಒಣ ದಿನದ ಕಥೆ. ಒಣಗಿದ್ದರೆ ಡೆಂಪ್‌ಸ್ಟರ್ ನಮ್ಮ ಎಷ್ಟೋ ಹಳ್ಳಿ ರಸ್ತೆಗಿಂತ ಚೆನ್ನಾಗಿದೆ. ಧೂಳು ಏಳದಿರಲಿ ಅಂತ ಕೆಲವು ಕಡೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಆ ಉಪ್ಪು ಗಾಳಿಯ ತೇವ ಹೀರಿಕೊಂಡು ಮಣ್ಣನ್ನು ಹಿಡಿದಿಡುತ್ತದೆ, ಮೇಲ್ಮೈ ಸಾರಿಸಿದ ಅಂಗಳದ ಹಾಗೆ ಗಟ್ಟಿಯಾಗುತ್ತದೆ. ಮಳೆ ಬಿದ್ದರೆ ಅದೇ ಅಂಗಳಕ್ಕೆ ಎಣ್ಣೆ ಚೆಲ್ಲಿದ ಹಾಗೆ.

ನನಗೆ ಅದು ಗೊತ್ತಾಗಿದ್ದು ಈಗಲ್ ಪ್ಲೇನ್ಸ್ ಇನ್ನೂ 40 ಕಿಮೀ ಇದೆ ಅನ್ನುವಾಗ. ಜೋರು ಮಳೆಯೂ ಅಲ್ಲ, ನಮ್ಮ ಕಡೆ ಸೋನೆ ಅನ್ನುತ್ತೀವಲ್ಲ, ಅಷ್ಟೇ. ಅರ್ಧ ಗಂಟೆಯಲ್ಲಿ ರಸ್ತೆಯ ಬಣ್ಣ ಬದಲಾಯಿತು. ಬಜ್ಜಿ ಹಿಟ್ಟಿನಂಥ ಮಣ್ಣು ಟೈರಿಗೆ ಮೆತ್ತಿಕೊಂಡು, ಟೈರಿನ ಗೀರುಗಳೆಲ್ಲ ಮುಚ್ಚಿ, ಚಕ್ರ ಬೋಳಾಯಿತು. ಎರಡೂ ಕಾಲು ಕೆಳಗೆ ಬಿಟ್ಟು, ಫಸ್ಟ್ ಗೇರಿನಲ್ಲಿ, ಬಾತುಕೋಳಿಯ ಹಾಗೆ ತೆವಳುತ್ತಾ ಹೋದೆ. ಆದರೂ ಬಿದ್ದೆ. ನಡೆಯುವ ವೇಗದಲ್ಲಿ ಹೋಗುತ್ತಿದ್ದವನು ಬಿದ್ದೆ! ಏಟೇನೂ ಆಗಲಿಲ್ಲ. ಎತ್ತಲು ಹೋದರೆ ಬೂಟು ಜಾರುತ್ತದೆ, ಬೈಕು ಅಲ್ಲೇ ಇರುತ್ತದೆ, ನಾನು ಹಿಂದಕ್ಕೆ ಹೋಗುತ್ತೇನೆ. ಲಗೇಜೆಲ್ಲ ಬಿಚ್ಚಿ ಎತ್ತಬೇಕಾಯಿತು. ಆ 40 ಕಿಮೀಗೆ ಮೂರೂವರೆ ಗಂಟೆ.

ಮಾರನೇ ದಿನ ಈಗಲ್ ಪ್ಲೇನ್ಸ್‌ನಲ್ಲೇ ಕೂತೆ. ಮಧ್ಯಾಹ್ನ ಗಾಳಿ ಎದ್ದಿತು. ಜುಲೈನಲ್ಲಿ ಅಲ್ಲಿ ರಾತ್ರಿಯೂ ಬೆಳಕು, ಹಾಗಾಗಿ ರಸ್ತೆ ಬೇಗ ಒಣಗುತ್ತದೆ. ಅದರ ಮರುದಿನ ಬೆಳಗ್ಗೆ ಅದೇ ರಸ್ತೆಯಲ್ಲಿ 70ರಲ್ಲಿ ಹಾಡು ಗುನುಗುತ್ತಾ ಹೊರಟೆ. ನಾನು ದಿನ ಕೇಳುತ್ತಿರುವುದು ಇದಕ್ಕೇ. ಮಳೆಯಲ್ಲಿ ಆ ಮಣ್ಣಿನ ಮೇಲೆ 1200 ಸಿಸಿಯೂ ಜಾರುತ್ತದೆ, 411 ಕೂಡ ಜಾರುತ್ತದೆ. ಕೈಯಲ್ಲಿ ಒಂದು ದಿನ ಜಾಸ್ತಿ ಇದ್ದವನು ಮಾತ್ರ ಕೂತು ಟೀ ಕುಡಿಯುತ್ತಾನೆ. ಸೋಮವಾರ ಆಫೀಸಿಗೆ ಹೋಗಬೇಕಾದವನು ಹೊರಡುತ್ತಾನೆ.

ನದಿಗಳೂ ಹಾಗೆಯೇ. ಪೀಲ್ ಮತ್ತು ಮೆಕೆಂಜಿ ನದಿಗಳಿಗೆ ಸೇತುವೆ ಇಲ್ಲ. ಬೇಸಿಗೆಯಲ್ಲಿ ಸರ್ಕಾರದ ಫೆರ್ರಿ, ದುಡ್ಡಿಲ್ಲ. ನೀರು ಏರಿದರೆ ನಿಲ್ಲಿಸುತ್ತಾರೆ. ಫೆರ್ರಿ ಹತ್ತುವ ದಾರಿ ಕಾಂಕ್ರೀಟ್ ಅಲ್ಲ, ಮಣ್ಣು ಮತ್ತು ಜಲ್ಲಿ. ನೀರಿನ ಮಟ್ಟ ಬದಲಾದ ಹಾಗೆ ಅದನ್ನು ಮತ್ತೆ ಮತ್ತೆ ತಳ್ಳಿ ಸರಿಮಾಡುತ್ತಾರೆ. ಅಲ್ಲಿ ಬೈಕುಗಳು ಮಗುಚುವುದು ಜಾಸ್ತಿ. ಮುಂದಿನ ಗಾಡಿ ಪೂರ್ತಿ ಹತ್ತಲಿ, ಆಮೇಲೆ ಒಂದೇ ಉಸಿರಿಗೆ ಹತ್ತು, ನಡುವೆ ನಿಲ್ಲಿಸಬೇಡ. ಇನ್ನೊಂದು ಸಣ್ಣ ವಿಷಯ: ಯೂಕಾನ್ ಗಡಿ ದಾಟಿ ಪಕ್ಕದ ನಾರ್ತ್‌ವೆಸ್ಟ್ ಟೆರಿಟರೀಸ್‌ಗೆ ಕಾಲಿಟ್ಟ ತಕ್ಷಣ ಕಿಮೀ ಫಲಕಗಳು ಮತ್ತೆ ಸೊನ್ನೆಯಿಂದ ಶುರುವಾಗುತ್ತವೆ, ಗಡಿಯಾರವೂ ಒಂದು ಗಂಟೆ ಮುಂದೆ ಹೋಗುತ್ತದೆ. ರಾತ್ರಿ ಕೆಲವು ಗಂಟೆ ಫೆರ್ರಿ ಇರುವುದಿಲ್ಲ, ಕತ್ತಲಾಗಿಲ್ಲ ಅಂತ ನಂಬಿಕೊಂಡು ಹೋದರೆ ದಡದಲ್ಲಿ ಸೊಳ್ಳೆಗಳ ಜೊತೆ ರಾತ್ರಿ ಕಳೆಯಬೇಕು. ಆ ಸೊಳ್ಳೆಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ತಲೆಗೆ ಹಾಕುವ ಬಲೆ ತಗೊಂಡು ಹೋಗು, ಅಷ್ಟೇ.

ಈ ರಸ್ತೆಗೆ ಹೆಸರು ಬಂದ ಕಥೆ ಗೊತ್ತಾ? 1910ರ ಡಿಸೆಂಬರ್‌ನಲ್ಲಿ ಇನ್ಸ್‌ಪೆಕ್ಟರ್ ಫಿಟ್ಜೆರಾಲ್ಡ್ ಅನ್ನುವ ಪೊಲೀಸ್ ಅಧಿಕಾರಿ ಮೂವರನ್ನು ಕರೆದುಕೊಂಡು, ನಾಯಿಗಾಡಿಯಲ್ಲಿ ಫೋರ್ಟ್ ಮ್ಯಾಕ್‌ಫರ್ಸನ್‌ನಿಂದ ಡಾಸನ್‌ಗೆ ಹೊರಟ. ಬೇಗ ಮುಟ್ಟಬೇಕು ಅಂತ ಭಾರ ಕಡಿಮೆ ಮಾಡಲು ಊಟದ ಸಾಮಾನು ಕಮ್ಮಿ ತಗೊಂಡ. ಜೊತೆಗೆ ಬಂದಿದ್ದ ಗ್ವಿಚಿನ್ ಜನಾಂಗದ ದಾರಿಗಾರನನ್ನೂ ಸ್ವಲ್ಪ ದೂರ ಆದಮೇಲೆ ವಾಪಸ್ ಕಳಿಸಿದ. ದಾರಿ ತಪ್ಪಿತು, ದಿನಗಟ್ಟಲೆ ಹುಡುಕಿದರು, ನಾಯಿಗಳನ್ನೇ ತಿನ್ನಬೇಕಾಯಿತು. ವಾಪಸ್ ಬರುವಾಗ, ಹೊರಟ ಊರಿನ ಹತ್ತಿರವೇ ನಾಲ್ವರೂ ಸತ್ತರು. 1911ರ ಮಾರ್ಚ್‌ನಲ್ಲಿ ಅವರ ಹೆಣ ಹುಡುಕಿದವನು ಕಾರ್ಪೊರಲ್ ಡೆಂಪ್‌ಸ್ಟರ್. ಫೋರ್ಟ್ ಮ್ಯಾಕ್‌ಫರ್ಸನ್‌ನಲ್ಲಿ ಪೆಟ್ರೋಲ್ ಹಾಕಿಸುವಾಗ ಐದು ನಿಮಿಷ ಚರ್ಚಿನ ಕಡೆ ಹೋಗು, ಆ ನಾಲ್ವರ ಸಮಾಧಿ ಅಲ್ಲೇ ಇದೆ.

ಹಾಗಾದರೆ ಎಷ್ಟು ದಿನ ಬೇಕು? ಎಡ್ಮಂಟನ್‌ನಿಂದ ಡಾಸನ್‌ಗೆ ಐದು, ವಾಪಸ್ ಐದು. ಡಾಸನ್‌ನಿಂದ ಟಕ್ಟೊಯಾಕ್ಟಕ್‌ಗೆ ಹೋಗಿ ಬರಲು ಆರು. ಮಳೆಗೆ ಮೂರು. ಹತ್ತೊಂಬತ್ತಾಯಿತು. ಮೂರು ವಾರ ರಜೆ ಕೇಳು. ಸಿಗದಿದ್ದರೆ 405ನೇ ಕಿಮೀಯಲ್ಲಿ ಆರ್ಕ್ಟಿಕ್ ವೃತ್ತದ ಫಲಕ ಇದೆ, ಈಗಲ್ ಪ್ಲೇನ್ಸ್‌ನಿಂದ ಮುಂದೆ 36 ಕಿಮೀ. ಅಲ್ಲಿಂದ ತಿರುಗಿದರೆ ಎರಡೂ ಫೆರ್ರಿ ಉಳಿಯಿತು, 900 ಕಿಮೀಗಿಂತ ಜಾಸ್ತಿ ಉಳಿಯಿತು. ಅದೂ ಬಿಗಿಯೇ. ಇನ್ನೂ ಆರಾಮವಾಗಿ ಬೇಕು ಅಂದರೆ 71ನೇ ಕಿಮೀಯ ಟೂಂಬ್‌ಸ್ಟೋನ್ ಪಾರ್ಕಿನಲ್ಲಿ ಎರಡು ರಾತ್ರಿ ಟೆಂಟ್ ಹಾಕಿ ವಾಪಸ್ ಬಾ. ನನ್ನನ್ನು ಕೇಳಿದರೆ ಇಡೀ ದಾರಿಯಲ್ಲಿ ಅತಿ ಚೆಂದದ ಜಾಗ ಅದೇ. ಸಮುದ್ರದ ಆಸೆಯಲ್ಲಿ ಎಲ್ಲರೂ ಅದನ್ನು ಹಾದು ಓಡುತ್ತಾರೆ.

ಉಳಿದದ್ದು ಚಿಕ್ಕದಾಗಿ. ಹೊಸ ಟೈರ್ ಹಾಕಿಸು, ಅರ್ಧ ಮಣ್ಣಿಗೆ ಅರ್ಧ ಡಾಂಬರಿಗೆ ಆಗುವಂಥದ್ದು. ಈ ದಾರಿಯ ಕಲ್ಲು ಚೂಪು, ಹಿಂದಿನ ಟೈರ್ ಸವೆದಿದ್ದರೆ ಬಿಡುವುದಿಲ್ಲ. ನಿನ್ನದು ಟ್ಯೂಬ್ ಇರುವ ಚಕ್ರ, ಎರಡೂ ಸೈಜಿನ ಟ್ಯೂಬ್, ಟೈರ್ ಲಿವರ್, ಪಂಪು ಇರಲಿ. ಮನೆಯ ಮುಂದೆ ಒಮ್ಮೆ ಹಿಂದಿನ ಟ್ಯೂಬ್ ನೀನೇ ಬದಲಾಯಿಸಿ ನೋಡು. ಗಾಳಿ ನಾಲ್ಕೈದು ಪಿಎಸ್‌ಐ ಇಳಿಸಿದರೆ ಹಿಡಿತ ಬರುತ್ತದೆ, ಅದಕ್ಕಿಂತ ಇಳಿಸಿದರೆ ಕಲ್ಲಿಗೆ ರಿಮ್ ಬಡಿದು ನಡುವೆ ಸಿಕ್ಕ ಟ್ಯೂಬ್ ತೂತಾಗುತ್ತದೆ. ದಾರಿಯ ಬಹುಪಾಲು ಮೊಬೈಲ್ ಸಿಗ್ನಲ್ ಇಲ್ಲ, ಸ್ಯಾಟಲೈಟ್ ಮೆಸೆಂಜರ್ ಬಾಡಿಗೆಗಾದರೂ ತಗೋ. ಡಾಸನ್ ಬಿಡುವ ಮುಂಚೆ ಯೂಕಾನ್ 511 ಅನ್ನುವ ರಸ್ತೆ ಮಾಹಿತಿ ವೆಬ್‌ಸೈಟಿನಲ್ಲಿ ರಸ್ತೆ ಹೇಗಿದೆ ನೋಡು. ಇನುವಿಕ್‌ನಲ್ಲಿ ಮತ್ತು ವಾಪಸ್ ಡಾಸನ್‌ನಲ್ಲಿ ಬೈಕ್ ತೊಳೆಸು. ಆ ಉಪ್ಪು ಮಣ್ಣು ಒಣಗಿದರೆ ಸಿಮೆಂಟು, ಬಿಟ್ಟರೆ ಚೈನಿನಿಂದ ಹಿಡಿದು ಸ್ಪೋಕ್ ತನಕ ತುಕ್ಕು.

ಸಮುದ್ರಕ್ಕೆ ಕಾಲಿಡುವಾಗ ಬೂಟಿನ ಜೊತೆ ಸಾಕ್ಸೂ ಬಿಚ್ಚಿ ಬೈಕಿನ ಮೇಲಿಡು. ನಾನು ಅವನ್ನು ದಡದ ಕಲ್ಲಿನ ಮೇಲಿಟ್ಟು, ಒದ್ದೆ ಸಾಕ್ಸಿನಲ್ಲಿ 138 ಕಿಮೀ ವಾಪಸ್ ಬಂದೆ.