ಹಂದಿ ಹುಡುಕೂದು ಬಿಡ್ರಿ, ಮನ್ಯಾಗ ಯಾರು ಕೆಮ್ಮಾಕತ್ತಾರ ನೋಡ್ರಿ

ಸಂಕ್ರಾಂತಿ ಮುಗದು ಬನಶಂಕರಿ ಜಾತ್ರಿ ಹತ್ರ ಬಂತಂದ್ರ ಬಾಗಲಕೋಟಿಯೊಳಗ ನನ್ನ ಓಪಿಡಿಗೆ ಜ್ವರ-ಕೆಮ್ಮಿನ ಮಂದಿ ಒಮ್ಮೆಲೆ ಜಾಸ್ತಿ ಆಗ್ತಾರ. ಅದರಾಗ ಯಾರದರ ಒಬ್ಬರದು ಎಚ್1ಎನ್1, ಅಂದ್ರ ಮಂದಿ ಹಂದಿ ಜ್ವರ ಅನ್ನೂ ಫ್ಲೂ, ಪಾಸಿಟಿವ್ ಬರತೈತಿ. ರಿಪೋರ್ಟ್ ಕೈಗೆ ಬಂದ ಕೂಡ್ಲೇ ಮನಿ ಮಂದಿ ಕೇಳೂ ಮೊದಲನೇ ಮಾತು: "ಸಾಹೇಬ್ರ, ನಮ್ಮ ಓಣ್ಯಾಗ ಒಂದ ಹಂದಿ ಇಲ್ಲ, ನಾವು ಲಿಂಗಾ ಕಟ್ಟಿದ ಮಂದಿ, ತತ್ತಿ ಸೈತ ಮುಟ್ಟಂಗಿಲ್ಲ, ನಮಗಿದು ಹೆಂಗ ಬಂತ್ರಿ?" ವರ್ಷಾ ಇದೇ ಪ್ರಶ್ನೆ. ಉತ್ತರ ಹೇಳಿ ಹೇಳಿ ನನಗ ಬ್ಯಾಸರ ಬಂದೈತಿ, ಆದ್ರೂ ಹೇಳೂದು ಬಿಡಾಕ ಆಗೂದಿಲ್ಲ, ಯಾಕಂದ್ರ ಈ ಒಂದು ತಪ್ಪು ತಿಳುವಳಿಕಿಯಿಂದ ಮಂದಿ ಲಗೂನ ದವಾಖಾನಿಗೆ ಬರೂದಿಲ್ಲ.

ಈಗ ನಮ್ಮ ಊರಾಗ ಓಡಾಡೂ ಎಚ್1ಎನ್1 ಮನುಷ್ಯಾನಿಂದ ಮನುಷ್ಯಾಗ ಬರೂ ಜಡ್ಡು. ಅದರ ಮೂಲ ಹಂದಿಯೊಳಗ ಐತಿ, ಖರೆ. 2009ರ ಏಪ್ರಿಲ್‌ನಾಗ ಮೆಕ್ಸಿಕೊ ಮತ್ತ ಅಮೆರಿಕಾದಾಗ ಇದು ಕಾಣಿಸ್ಕೊಂಡಾಗ ವೈರಸ್ಸಿನ ಜೀನ್ ತಗದು ನೋಡಿದ್ರು, ಹಂದಿಗೋಳ ಫ್ಲೂಗೆ ಸಂಬಂಧ ಇದ್ದದ್ದು ಗೊತ್ತಾತು. ಆದ್ರ ಒಮ್ಮೆ ಮನುಷ್ಯಾರೊಳಗ ಹರಡೂದು ಕಲ್ತ ಮ್ಯಾಲೆ ಅದಕ್ಕ ಹಂದಿ ಬೇಕಾಗಿಲ್ರಿ. ಆ ವರ್ಷ ಜೂನ್ 11ಕ್ಕ ವಿಶ್ವ ಆರೋಗ್ಯ ಸಂಸ್ಥೆಯವರು ಪ್ಯಾಂಡೆಮಿಕ್ ಅಂತ ಘೋಷಣಾ ಮಾಡಿದ್ರು, ಆಗಸ್ಟ್‌ನಾಗ ನಮ್ಮ ದೇಶದ ಮೊದಲನೇ ಸಾವು ಪುಣೆಯೊಳಗ ಆತು. ಪುಣೆ ನಮಗೇನು ದೂರ? ನಮ್ಮ ಕಡೆ ಎಷ್ಟೋ ಹುಡುಗ್ರು ಅಲ್ಲೇ ದುಡೀತಾರ, ಹಬ್ಬ-ಹುಣ್ಣಿಮಿಗೆ ರಾತ್ರಿ ಬಸ್ ಹತ್ತಿ ಬರ್ತಾರ. 2010ರ ಆಗಸ್ಟ್‌ನಾಗ ಪ್ಯಾಂಡೆಮಿಕ್ ಮುಗೀತು ಅಂದ್ರು, ವೈರಸ್ ಹೋಗಲಿಲ್ಲ, ಸೀಸನ್ ಸೀಸನ್‌ಗೆ ಬರೂ ಫ್ಲೂ ಆಗಿ ನಮ್ಮ ಜೋಡಿನ ಉಳಕೊಂತು. ನಮ್ಮ ದೇಶದಾಗ ಜನವರಿಯಿಂದ ಮಾರ್ಚ್ ಒಮ್ಮೆ, ಮಳಿಗಾಲದಾಗ ಇನ್ನೊಮ್ಮೆ ಜೋರು ಇರತೈತಿ. 2015ರಾಗ ದೇಶದಾಗ 42 ಸಾವಿರಕ್ಕೂ ಹೆಚ್ಚು ಮಂದಿಗೆ ಬಂದು ಸುಮಾರು 3 ಸಾವಿರ ಮಂದಿ ತೀರಿಕೊಂಡ್ರು. ಅಷ್ಟೂ ಮಂದಿ ಹಂದಿ ಹತ್ರ ಹೋಗಿದ್ರೇನ್ರಿ?

ಬಾಜೂ ಕುಂತಾವ ಕೆಮ್ಮಿದಾಗ, ಸೀನಿದಾಗ ಹಾರೂ ಹನಿಯಿಂದ ಬರತೈತಿ. ಅವನು ಮೂಗು ಒರಿಸ್ಕೊಂಡ ಕೈಲೆ ಹಿಡದ ಬಾಗಲಾ ನೀವು ಹಿಡದು, ಅದೇ ಕೈ ಮಾರಿಗೆ ಒಯ್ದ್ರೂ ಬರತೈತಿ. ಜ್ವರ ಬರೂಕಿಂತ ಒಂದಿನ ಮೊದಲ ಹರಡಾಕ ಶುರು ಆಗತೈತಿ, ಅಂದ್ರ ತನಗ ಜಡ್ಡು ಐತಿ ಅಂತ ಗೊತ್ತಾಗೂಕಿಂತ ಮೊದಲ ಅವನು ನಿಮ್ಮ ಪಂಕ್ತಿಯೊಳಗ ಊಟಕ್ಕ ಕುಂತಿರ್ತಾನ. ಊಟದಾಗ ಏನು ಬಡಿಸ್ಯಾರ ಅನ್ನೂದಕ್ಕೂ ಇದಕ್ಕೂ ಸಂಬಂಧನ ಇಲ್ಲ. ಚಲೋತ್ನಂಗ ಬೇಯಿಸಿದ ಹಂದಿ ಮಾಂಸ ತಿಂದ್ರೂ ಫ್ಲೂ ಬರೂದಿಲ್ಲ, 70 ಡಿಗ್ರಿ ಶಾಖಕ್ಕ ವೈರಸ್ ಸಾಯತೈತಿ.

ಹೆಸರು ಹೇಳೂದಿಲ್ಲ, ಮಗ್ಗದ ಊರಿನ ಮನಿ, ಸೊಸಿಗೆ ಏಳು ತಿಂಗಳು. ಕುಬಸದ ಕಾರ್ಯಕ್ಕ ಪುಣೆಯಿಂದ ಮೈದುನ ಬಂದಿದ್ದ, ಮೈ ಬಿಸಿ ಇತ್ತು, ಜ್ವರದ ಗುಳಿಗಿ ನುಂಗಿ ಎಲ್ಲಾರ ನಡುವ ಓಡಾಡಿ ಬಡಿಸ್ಯಾನ, ಅತ್ತಿಗಿ ಬಾಜೂ ಕುಂತು ಫೋಟೋ ತಗಸ್ಕೊಂಡಾನ. ಮೂರನೇ ದಿನಕ್ಕ ಆ ಹೆಣ್ಣುಮಗಳಿಗೆ ಜ್ವರ ಬಂತು. ಟೆಸ್ಟ್ ಮಾಡಿಸ್ಯಾರ, ಪಾಸಿಟಿವ್ ಬಂದೈತಿ, ಆದ್ರ ಮಂದಿ ಏನಂದಾರು, ಇಂಥಾ ಮನಿಯೊಳಗ ಹಂದಿ ಜ್ವರ ಬಂತಂದ್ರ ಹೆಂಗ ಅಂತ ಬಾಯಿ ಮುಚ್ಚಿಕೊಂಡು ಮನ್ಯಾಗ ಕಷಾಯ ಕುಡಿಸ್ಯಾರ. ನನ್ನ ಕಡೆ ಕರ್ಕೊಂಡು ಬಂದಾಗ ಜ್ವರದ ಐದನೇ ದಿನ, ಮಾತಾಡಿದ್ರ ಉಸಿರು ಹಿಡೀತಿತ್ತು, ಬೆರಳಿಗೆ ಮಷೀನ್ ಹಾಕಿದ್ರ ಆಕ್ಸಿಜನ್ 88ಕ್ಕ ಇಳದಿತ್ತು. "ಟೆಸ್ಟ್ ಮಾಡಿಸೀರೇನವ್ವಾ?" ಅಂದೆ. ಅತ್ತಿ ಸುಮ್ಮನ ನಿಂತ್ರು, ಆಮ್ಯಾಲೆ ಸೊಂಟದಾಗಿನ ಎಲಿ-ಅಡಕಿ ಸಂಚಿ ಬಿಚ್ಚಿ, ಸುಣ್ಣದ ಡಬ್ಬಿ ಕೆಳಗಿಂದ ನಾಲ್ಕ ಮಡಿಕಿ ಮಾಡಿದ ರಿಪೋರ್ಟ್ ತಗದು ಕೊಟ್ರು. ಕಾಗದಕ್ಕ ಸುಣ್ಣದ ಕಲಿ ಹತ್ತಿತ್ತು. ಆ ಅತ್ತಿ ಕೆಟ್ಟವರಲ್ರಿ, ಸೊಸಿ ಐಸಿಯುದಾಗ ಇರೂತನಕ ಹೊರಗ ಬೆಂಚ್ ಬಿಟ್ಟು ಏಳಲಿಲ್ಲ ಅವರು. ಸೊಸಿ ಉಳದ್ಲು, ಕೂಸೂ ಚಲೋ ಐತಿ. ಆದ್ರ ಆ ಐದು ದಿನ ಕಳೀಬಾರದಿತ್ತು.

ಈ ಜಡ್ಡಿನಾಗ ಫ್ಲೂ ವೈರಸ್ ತಡಿಯೂ ಒಸೆಲ್ಟಾಮಿವಿರ್ ಗುಳಿಗಿ ಮೊದಲಿನ 48 ತಾಸಿನೊಳಗ ಶುರು ಮಾಡಿದ್ರ ಹೆಚ್ಚು ಉಪಯೋಗ. ತಡಾ ಆದ್ರೂ ಸೀರಿಯಸ್ ಇದ್ದವರಿಗೆ ಕೊಡ್ತೀವಿ, ಆದ್ರ ಮೊದಲಿನಷ್ಟು ಕೆಲಸಾ ಮಾಡತೈತಿ ಅಂತ ನಾನು ಮಾತು ಕೊಡಾಕ ಆಗೂದಿಲ್ಲ. ಎಲ್ಲಾರಿಗೂ ಆ ಗುಳಿಗಿ ಬೇಕಂತಿಲ್ಲ, ಇದನ್ನ ಓದಿ ಮೆಡಿಕಲ್ ಶಾಪಿಗೆ ಹೋಗಬ್ಯಾಡ್ರಿ. ಸರ್ಕಾರದ ಸೂಚನಾನೂ ಹಂಗ ಐತಿ: ಹಗೂರ ಜ್ವರ-ಕೆಮ್ಮು ಇದ್ರ ಟೆಸ್ಟೂ ಬ್ಯಾಡ, ಆ ಗುಳಿಗಿನೂ ಬ್ಯಾಡ, ಮನ್ಯಾಗ ಬ್ಯಾರೆ ಖೋಲಿಯೊಳಗ ಇದ್ದು ವಿಶ್ರಾಂತಿ ತಗೊಂಡ್ರ ಸಾಕು. ಬಸುರಿ, ಸಣ್ಣ ಕೂಸು, 65 ದಾಟಿದವರು, ಶುಗರ್, ದಮ್ಮು, ಹಾರ್ಟ್, ಕಿಡ್ನಿ ತೊಂದ್ರಿ ಇದ್ದವರು ಮಾತ್ರ ಎರಡನೇ ದಿನಕ್ಕ ಡಾಕ್ಟರ್‌ಗೆ ತೋರಿಸ್ಬೇಕು, ಟೆಸ್ಟ್ ರಿಪೋರ್ಟಿನ ದಾರಿ ಕಾಯದ ಅವರಿಗೆ ಗುಳಿಗಿ ಶುರು ಮಾಡ್ತೀವಿ. ಉಸಿರು ಹತ್ತಿದ್ರ, ಎದಿ ನೋವು ಬಂದ್ರ, ಕಫದಾಗ ರಕ್ತ ಕಂಡ್ರ, ಉಗುರು ನೀಲಿ ಆದ್ರ, ಮನುಷ್ಯಾ ಮಂಪರು ಮಂಪರು ಆದ್ರ ಯಾರ ಆಗಲಿ ಆವಾಗಿಂದಾವಾಗ ಅಡ್ಮಿಟ್ ಆಗಬೇಕು. ಇಂಥಾ ರಿಸ್ಕ್ ಇದ್ದವರು ವರ್ಷಕ್ಕೊಮ್ಮೆ ಫ್ಲೂ ಲಸಿಕಿ ಹಾಕಿಸ್ಕೊಳ್ರಿ, ಎಚ್1ಎನ್1 ಅದರಾಗ ಸೇರೇ ಇರತೈತಿ, ಬಸುರೇರಿಗೂ ಕೊಡ್ತೀವಿ.

ಇನ್ನ ಓಣಿ ಹಂದಿ ವಿಷಯ. ಪಾಸಿಟಿವ್ ಬಂದ ಮರುದಿನ ಹಂದಿ ಹಿಡೀರಿ ಅಂತ ನಗರಸಭೆಗೆ ಅರ್ಜಿ ಕೊಡ್ತಾರ, ಹಂದಿ ಸಾಕೂ ಮಂದಿ ಮನಿ ಮುಂದ ಹೋಗಿ ಜಗಳಾ ತಗೀತಾರ. ಚರಂಡಿ ಸ್ವಚ್ಛ ಇರಲಿ, ಹಂದಿ ದೊಡ್ಡ್ಯಾಗ ಇರಲಿ, ನನ್ನ ತಕರಾರಿಲ್ಲ. ಆದ್ರ ಅದರಿಂದ ಈ ಜ್ವರ ನಿಲ್ಲೂದಿಲ್ಲ. 2009ರಾಗ ಈಜಿಪ್ಟ್ ಸರ್ಕಾರ, ತಮ್ಮ ದೇಶದಾಗ ಇನ್ನೂ ಒಂದ ಕೇಸ್ ಇಲ್ಲದಾಗ, ಸುಮಾರು 3 ಲಕ್ಷ ಹಂದಿ ಕೊಲ್ಲಾಕ ಹುಕುಂ ಮಾಡ್ತು. ಜೂನ್‌ನಾಗ ಜಡ್ಡು ಬಂದ ಬಂತು. ಕೈರೋದಾಗ ಊರಿನ ಮುಸುರಿ ತಿಂತಿದ್ದ ಹಂದಿ ಹೋಗಿ ಬೀದಿಯೊಳಗ ಕಸಾ ಬಿತ್ತು, ಸಾಕಿದವರ ಹೊಟ್ಟಿ ಮ್ಯಾಲೂ ಬಿತ್ತು.

ಹಂಗಂತ ಹಂದಿಯಿಂದ ಏನೂ ಅಪಾಯ ಇಲ್ಲ ಅಂತ ಹೇಳಿದ್ರ ಅದೂ ತಪ್ಪಾಗತೈತಿ. ಹಂದಿಯ ಉಸಿರಿನ ನಾಳಕ್ಕ ಹಕ್ಕಿ ಫ್ಲೂನೂ ಅಂಟತೈತಿ, ಮನುಷ್ಯಾನ ಫ್ಲೂನೂ ಅಂಟತೈತಿ. ಫ್ಲೂ ವೈರಸ್ಸಿನ ಜೀನ್ ಎಂಟು ತುಂಡು, ಎರಡು ಥರದ ವೈರಸ್ ಒಂದ ಹಂದ್ಯಾಗ ಕೂಡಿದ್ರ ತುಂಡು ಅದಲು-ಬದಲಾಗಿ ಹೊಸಾದೊಂದು ಹುಟ್ಟಬಹುದು. ಇಳಕಲ್ ಸೀರಿಯೊಳಗ ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ, ಕೊಂಡಿ ಹಾಕಿ ಒಂದ ಸೀರಿ ಮಾಡ್ತಾರಲ್ರಿ, ಹಂಗ. 2009ರ ವೈರಸ್ ಇಂಥಾದ್ದ. ಅಮೆರಿಕಾದಾಗ 2012ರಾಗ ಜಾನುವಾರು ಜಾತ್ರಿಯೊಳಗ ಹಂದಿ ಜೋಡಿ ಇದ್ದವರಿಗೆ, ಬಹುತೇಕ ಸಣ್ಣ ಹುಡುಗ್ರಿಗೆ, ಎಚ್3ಎನ್2 ಥರದ ಹಂದಿ ಫ್ಲೂ 300ಕ್ಕೂ ಹೆಚ್ಚು ಮಂದಿಗೆ ಬಂತು. ಅಲ್ಲಿ ಕಾರಣ ದೊಡ್ಡಿಯೊಳಗ ಹತ್ರ ನಿಂತು ಉಸಿರಾಡಿದ್ದು. ಓಣ್ಯಾಗ ಹಾದು ಹೋಗೂ ಹಂದಿ ನೋಡಿ ಬಾಗಲಾ ಹಾಕ್ಕೊಳ್ಳೂ ನಿಮಗ ಆ ಅಪಾಯ ಇಲ್ಲ, ಇರೂದು ದಿನಾ ದೊಡ್ಡಿ ಕಸಾ ಬಳಿಯೂ ಆ ಕುಟುಂಬಕ್ಕ.

ಅವರಿಗೆ ಹೇಳೂದು ಬ್ಯಾರೆ ಐತಿ. ಹಂದಿ ಕೆಮ್ಮಿದ್ರ, ಮೂಗು ಸೋರಿದ್ರ, ಮೇವು ಬಿಟ್ರ ವೆಟರ್ನರಿ ಡಾಕ್ಟರ್‌ಗೆ ತೋರಿಸ್ರಿ. ಬಸುರಿ ಹೆಣ್ಣುಮಕ್ಕಳು, ಸಣ್ಣ ಹುಡುಗ್ರು ಆವಾಗ ದೊಡ್ಡಿ ಕಡೆ ಹೋಗಬಾರದು, ಹೋಗೂರು ಮಾಸ್ಕ್ ಕಟ್ಕೊಂಡು ಹೋಗಿ ಸಾಬಾಣ ಹಚ್ಚಿ ಕೈ ತೊಳೀರಿ. ನಿಮಗ ಜ್ವರ ಬಂದ್ರೂ ದೊಡ್ಡ್ಯಾಗ ಹೋಗಬ್ಯಾಡ್ರಿ, ಮನುಷ್ಯಾನ ಫ್ಲೂ ಹಂದಿಗೂ ಹತ್ತತೈತಿ. ಹಂದಿಗೆ ಹಂದಿ ಜ್ವರದ ಲಸಿಕಿ ಹಾಕಿಸೀವಿ ಅಂತೀರಿ, ಹೆಸರು ಒಂದ ಆದ್ರೂ ಅದು ಬ್ಯಾರೆನ ರೋಗದ್ದು, ಆ ರೋಗ ಮನುಷ್ಯಾಗ ಬರೂದಿಲ್ಲ, ಆ ಲಸಿಕಿ ಫ್ಲೂ ತಡಿಯೂದೂ ಇಲ್ಲ. ಮತ್ತ ನನ್ನ ಮುಂದ ಕುಂತಾಗ "ಏನು ಕೆಲಸಾ ಮಾಡ್ತೀರಿ?" ಅಂದ್ರ "ಕೂಲಿರೀ" ಅಂತ ತಲಿ ಕೆಳಗ ಹಾಕಬ್ಯಾಡ್ರಿ ಯಣ್ಣಾ. ಹಂದಿ ಸಾಕ್ತೀನಿ ಅಂತ ಹೇಳ್ರಿ. ಹೇಳಿದ್ರ ನಿಮ್ಮ ಗಂಟಲಿನ ಸ್ಯಾಂಪಲ್ಲಿನ ಚೀಟಿ ಮ್ಯಾಲೆ ಅದನ್ನ ಬರೀತೀನಿ, ಇದು ಊರಾಗ ಓಡಾಡೂ ಫ್ಲೂನೋ ಹಂದಿಯಿಂದ ಹೊಸದಾಗಿ ಬಂದದ್ದೋ ಅಂತ ಲ್ಯಾಬಿನವರು ಮುಂದಿನ ಪರೀಕ್ಷಾ ಮಾಡಾಕ ಆ ಒಂದು ಸಾಲು ಬೇಕಾಗತೈತಿ.